ಅಪ್ಪಯ್ಯನ ಲೆಕ್ಕದ ಪಟ್ಟಿ

(ಡಿಸೆಂಬರಿನಲ್ಲಿ ಶಿರಸಿಯ ಅಡಿಕೆ ತೋಟಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಷ್ಠೆಯಿಂದ ದುಡಿದ ಕೃಷಿಕನೊಬ್ಬನ ಬದುಕಿನ ಕುರಿತು ಮಾತನಾಡಬೇಕೆಂದು ನೀವು ಕೇಳಿದಾಗ ನನಗೆ ಅಪ್ಪಯ್ಯ ನೆನಪಾದದ್ದು ಸಹಜ. ಆದರೆ ಮಗಳು ತಂದೆಯನ್ನು ಹೊಗಳುವುದನ್ನು ಕೇಳಲು ನೀವು ಕೊಯ್ಲಿನ ಕಾಲದಲ್ಲಿ ಮನೆಗೆಲಸ ಬಿಟ್ಟು ಬರಬೇಕಾಗಿಲ್ಲ. ಆದ್ದರಿಂದ ನನ್ನ ನೆನಪನ್ನು ಹಿಂದಕ್ಕಿಟ್ಟು, ಅವನು ಬರೆದಿಟ್ಟ ಪಟ್ಟಿಗಳನ್ನು ಮುಂದಿಟ್ಟುಕೊಂಡು ಮಾತನಾಡುತ್ತೇನೆ. ನೋಟ್‌ಬುಕ್ಕಿಗೆ ನಮ್ಮ ಕಡೆ ಪಟ್ಟಿ ಎನ್ನುವುದು ನಿಮಗೆ ಗೊತ್ತೇ ಇದೆ. 1961ರಿಂದ 2016ರ ಮಳೆಗಾಲದವರೆಗೆ ಅವನು ಬರೆದ ಪಟ್ಟಿಗಳು ಒಂದು ಟ್ರಂಕಿನ ತುಂಬ ಇವೆ. ಎರಡನ್ನು ಗೆದ್ದಲು ತಿಂದಿದೆ, ಒಂದರ ಮೇಲೆ ಚೊಗರು, ಅಂದರೆ ಅಡಿಕೆ ಬೇಯಿಸಿದ ರಸ, ಚೆಲ್ಲಿ ಹಾಳೆಗಳು ಅಂಟಿಕೊಂಡಿವೆ. ಇನ್ನೊಂದು ಮಾತು: ಮನೆಯಲ್ಲಿ ಏಕವಚನದಲ್ಲಿ ಕರೆದವನನ್ನು ವೇದಿಕೆಯ ಮೇಲೆ ಬಹುವಚನಕ್ಕೆ ಏರಿಸಲು ನನಗೆ ನಾಲಿಗೆ ಬಾರದು, ಅದನ್ನು ಅಗೌರವವೆಂದು ತಿಳಿಯಬಾರದು.

ಪಟ್ಟಿಯಲ್ಲಿ ಭಾವನೆಯ ಮಾತು ಒಂದೂ ಇಲ್ಲ. ಒಂದು ದಿನದ ಬರಹ ಹೀಗಿದೆ: 'ಮಳೆ ಎರಡೂವರೆ ಇಂಚು. ಕೆಳಗಿನ ಬರಣದ ಕಾಲುವೆ, ಆಳು 3. ಮೈಲುತುತ್ತ ತಂದಿದ್ದು 8 ಕೆ.ಜಿ. ಕೆಂಪಿ ಗಬ್ಬ.' ಬರಣವೆಂದರೆ ಕಾಲುವೆಗಳ ನಡುವೆ ಮರಗಳ ಸಾಲಿರುವ ಮಣ್ಣಿನ ಪಟ್ಟೆ, ಮೈಲುತುತ್ತವೆಂದರೆ ರೋಗದ ಮದ್ದಿಗೆ ಬಳಸುವ ತಾಮ್ರದ ಸಲ್ಫೇಟ್, ಕೆಂಪಿ ನಮ್ಮ ಮನೆಯ ಆಕಳು. ಅದೇ ವಾರ ನಾನು ಹತ್ತನೆಯ ತರಗತಿಯಲ್ಲಿ ತಾಲೂಕಿಗೆ ಮೂರನೆಯವಳಾಗಿ ಪಾಸಾಗಿದ್ದೆ. ಆ ಸುದ್ದಿ ಪಟ್ಟಿಯಲ್ಲಿ ಇಲ್ಲ. ಇದರಿಂದ ನನಗೆ ಬಹುಕಾಲ ಬೇಸರವಿತ್ತು. ಏನನ್ನು ಬರೆಯಬೇಕು, ಏನನ್ನು ಬರೆಯಬೇಕಾಗಿಲ್ಲ ಎಂಬುದರ ಬಗ್ಗೆ ಅವನಿಗೆ ಸ್ಪಷ್ಟವಾದ ಒಂದು ನಿಯಮವಿತ್ತೆಂಬುದು ಎಲ್ಲ ಪಟ್ಟಿಗಳನ್ನು ಓದಿದ ಮೇಲೆ ಅರ್ಥವಾಯಿತು. ಯಾರಿಗೆ ಕೊಡಬೇಕಾದದ್ದು ಇದೆಯೋ ಅದನ್ನು ಬರೆಯಬೇಕು. ಆ ನಿಯಮದ ಹಿರಿಮೆಯ ಬಗ್ಗೆಯೂ ಅದರಲ್ಲಿ ಬಿಟ್ಟುಹೋದದ್ದರ ಬಗ್ಗೆಯೂ ಈ ಹೊತ್ತು ಹೇಳಬೇಕೆಂದಿದ್ದೇನೆ.

ನಮ್ಮದು 1 ಎಕರೆ 10 ಗುಂಟೆ ಅಡಿಕೆ ತೋಟ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಮರ ಹಿಡಿಯುತ್ತದೆ. ನಮ್ಮಲ್ಲಿ ಸಸಿಗಳೂ ಸೇರಿ 650ರ ಆಸುಪಾಸು. ಅಜ್ಜನ ಕಾಲದಲ್ಲಿ ಅದು ಗೇಣಿಯ ತೋಟವಾಗಿತ್ತು. ಫಸಲು ಬರಲಿ ಬಿಡಲಿ ಒಡೆಯರ ಮನೆಗೆ ಅಡಿಕೆ ಹೋಗಲೇಬೇಕಾಗಿತ್ತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಉಳುವವನಿಗೆ ಒಡೆತನ ಕೊಡುವ ಕಾನೂನು ಜಾರಿಯಾದ ಮೇಲೆ ಅಪ್ಪಯ್ಯ ಏಳನೇ ನಮೂನೆಯ ಅರ್ಜಿ ಹಾಕಿದ. ಭೂನ್ಯಾಯ ಮಂಡಳಿಯ ಆದೇಶ ಕೈಗೆ ಬಂದದ್ದು 1981ರಲ್ಲಿ. ಈ ಜಿಲ್ಲೆಯಲ್ಲಿ ಗೇಣಿದಾರನ ಹಕ್ಕಿನ ಮಾತು ಬೆಂಗಳೂರಿನಿಂದ ಬಂದದ್ದಲ್ಲ. ಅಂಕೋಲೆಯ ದಿನಕರ ದೇಸಾಯಿಯವರು ಬ್ರಿಟಿಷರ ಕಾಲದಲ್ಲೇ ರೈತರನ್ನು ಸಂಘಟಿಸಿ, 1940ರಲ್ಲಿ ಜಿಲ್ಲೆಯಿಂದ ಗಡಿಪಾರಾಗಿದ್ದರು. ಚುಟುಕ ಬರೆದ ದೇಸಾಯಿ ಎಲ್ಲರಿಗೂ ಗೊತ್ತು, ಗೇಣಿದಾರರ ಪರವಾಗಿ ಊರೂರು ತಿರುಗಿದ ದೇಸಾಯಿ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಆದೇಶ ಬಂದ ದಿನದ ಪಟ್ಟಿಯಲ್ಲಿ ಇರುವುದು ಇಷ್ಟು: 'ಆದೇಶ ಬಂತು. ಒಡೆಯರ ಮನೆಗೆ ಹೋಗಿ ಹೇಳಿ ಬಂದಿದ್ದು. ಬಾಕಿ ಇಲ್ಲ.'

ಹಳೆಯ ತೋಟಗಳಿರುವುದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಬೇಸಿಗೆಯಲ್ಲಿ ತಂಪು ಉಳಿಯುತ್ತದೆ, ಮರಗಳಿಗೆ ಬಿಸಿಲಿನ ಹೊಡೆತ ಕಡಿಮೆ. ಆದರೆ ವರ್ಷಕ್ಕೆ ನೂರು ಇಂಚಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಕಣಿವೆಯೆಂದರೆ ನೀರಿನ ದಾರಿಯೂ ಹೌದು. ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಅಲ್ಲಿ ನೀರು ನಿಂತರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ, ಮರ ಮಾತ್ರ ತಕ್ಷಣ ಏನನ್ನೂ ತೋರಿಸುವುದಿಲ್ಲ. ಎರಡು ಮೂರು ವರ್ಷಗಳ ಮೇಲೆ ಸೋಗೆ ಸಣ್ಣದಾಗುತ್ತದೆ, ಹಿಂಗಾರ ಒಣಗುತ್ತದೆ, ಆಗ ಗೊಬ್ಬರ ಸಾಲದೆಂದು ಗೊಬ್ಬರ ಸುರಿಯುತ್ತೇವೆ. ಅಪ್ಪಯ್ಯನ ಐವತ್ತೈದು ವರ್ಷಗಳ ಬರಹದಲ್ಲಿ ಅತಿ ಹೆಚ್ಚು ಸಲ ಬರುವ ಶಬ್ದ ಅಡಿಕೆಯಲ್ಲ, ಕಾಲುವೆ. ಸಾಲಿನ ನಡುವೆ ಮೂರಡಿ ಆಳದ ಬಸಿಗಾಲುವೆ, ಅದು ಸೇರುವ ದೊಡ್ಡ ಕಾಲುವೆ, ಅದು ಸೇರುವ ಹಳ್ಳ. ಪ್ರತಿ ಬೇಸಿಗೆಯಲ್ಲೂ ಹೂಳು ತೆಗೆಯಬೇಕು, ತೆಗೆದ ಹೂಳನ್ನು ಬರಣದ ಮೇಲೆ ಹಾಕಬೇಕು, ಕುಸಿದ ಅಂಚಿಗೆ ಕಲ್ಲು ಕಟ್ಟಬೇಕು. ತೋಟ ನೋಡಲು ಬಂದ ನೆಂಟರೆಲ್ಲ ತಲೆ ಎತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ನೋಡಿದರೆ ಅವನು ಬಗ್ಗಿ ಕಾಲುವೆ ನೋಡುತ್ತಿದ್ದ. ಓದು ಮುಗಿಸಿ ಬಂದ ತಮ್ಮನಿಗೆ ಅವನು ಹೇಳಿಕೊಟ್ಟ ಮೊದಲ ಪಾಠವೂ ಅದೇ: 'ಮಾಣಿ, ಮ್ಯಾಲೆ ನೋಡಡ, ಬುಡ ನೋಡು.'

ನಾನು ಮದುವೆಯಾಗಿ ಕುಮಟೆಗೆ ಹೋಗಿ ಅಲ್ಲಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು. ಅಲ್ಲಿ ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳನ್ನು ನೋಡಿದ ಮೇಲೆ ಅಪ್ಪಯ್ಯನ ಕಾಲುವೆಯ ಹುಚ್ಚು ನನಗೆ ಇನ್ನಷ್ಟು ಅರ್ಥವಾಯಿತು. ನಮ್ಮ ಘಟ್ಟದ ಮೇಲಿನವನಿಗೆ ಸಿಹಿನೀರನ್ನು ಹೊರಗೆ ಹಾಕುವ ಚಿಂತೆ, ಮಾಣಿಕಟ್ಟೆಯ ಗಜನಿ ರೈತನಿಗೆ ಉಪ್ಪುನೀರು ಒಳಗೆ ಬಾರದಂತೆ ತಡೆಯುವ ಚಿಂತೆ. ಅವನು ಕಟ್ಟೆ ಹಾಕಿ, ಬಾಗಿಲು ಇಟ್ಟು, ಇಳಿತದಲ್ಲಿ ಮಳೆನೀರನ್ನು ಬಿಟ್ಟು, ಭರತದಲ್ಲಿ ಬಾಗಿಲು ಮುಚ್ಚಿ, ಮಳೆಯಿಂದ ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾನೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಬಾಗಿಲು ತೆರೆದರೆ ಅದೇ ಗದ್ದೆಗೆ ಉಪ್ಪುನೀರಿನೊಡನೆ ಸೀಗಡಿ, ಮೀನು ಬರುತ್ತವೆ. ಕೊಳೆತ ಕೂಳೆ ಅವಕ್ಕೆ ಆಹಾರ. ಒಬ್ಬನ ಗದ್ದೆಯ ಕಟ್ಟೆ ಒಡೆದರೆ ಎಲ್ಲರ ಗದ್ದೆಯೂ ಹೋಗುವುದರಿಂದ ಅಲ್ಲಿ ಯಾರೂ ಒಂಟಿಯಾಗಿ ನಿಷ್ಠಾವಂತನಾಗಿರಲು ಸಾಧ್ಯವಿಲ್ಲ. ಶಿರಸಿಯ ಶಂಕರಹೊಂಡದ ನೀರು ಹರಿದು ಅಘನಾಶಿನಿಯಾಗುವುದನ್ನು ನೆನೆದರೆ, ನಮ್ಮ ಹಳ್ಳಗಳೆಲ್ಲ ಸೇರುವುದು ಆ ಗಜನಿಯ ಬಾಗಿಲಿಗೇ. ಇದನ್ನು ನಾನು ಒಮ್ಮೆ ಅಪ್ಪಯ್ಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮೈಲುತುತ್ತದ ಬ್ಯಾರೆಲ್ಲನ್ನು ಇನ್ನು ಮೇಲೆ ಹಳ್ಳದಲ್ಲಿ ತೊಳೆಯಬಾರದು ಎಂದ.

ಮೈಲುತುತ್ತದ ಮಾತು ಬಂದದ್ದರಿಂದ ಕೊಳೆರೋಗದ ಬಗ್ಗೆ ಹೇಳಿಬಿಡುತ್ತೇನೆ. ಬಿಟ್ಟೂಬಿಡದೆ ಮಳೆ ಹೊಯ್ದು ನಡುವೆ ಎಳೆಬಿಸಿಲು ಕಾಣಿಸಿದರೆ ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ತುಂಬಿದಂಥ ಕಲೆ ಏಳುತ್ತದೆ, ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ, ವಾರ ಕಳೆಯುವುದರೊಳಗೆ ಮರದ ಬುಡ ಕಾಯಿಯ ರಾಶಿ. ಹಿಂದೆ ಅಡಿಕೆಯ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದೊಂದೇ ದಾರಿಯಾಗಿತ್ತು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಸಿಂಪಡಿಸಲು ಹೇಳಿದರು. ನೂರು ವರ್ಷ ಕಳೆದರೂ ನಮ್ಮ ಮುಖ್ಯ ಮದ್ದು ಅದೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೇಳಲು ಸುಲಭ. ಆದರೆ ಎರಡನ್ನೂ ಬೇರೆ ಬೇರೆ ಕರಗಿಸಿಯೇ ಸೇರಿಸಬೇಕು, ಕಬ್ಬಿಣದ ಪಾತ್ರೆ ಮುಟ್ಟಬಾರದು, ಸೇರಿಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದರ್ಥ. ಸುಣ್ಣ ಸಾಲದ ಮದ್ದು ಕಾಯಿಯನ್ನೇ ಸುಡುತ್ತದೆ. ಎಷ್ಟೋ ಮನೆಗಳಲ್ಲಿ ಈ ಪರೀಕ್ಷೆಯನ್ನು ಆಳುಗಳ ಅಂದಾಜಿಗೆ ಬಿಡುವುದುಂಟು. ಅಪ್ಪಯ್ಯ ಪ್ರತಿ ಬ್ಯಾರೆಲ್ಲಿಗೂ ಕತ್ತಿ ಅದ್ದಿ, ಕೆಂಪು ಕಂಡಿತೋ ಇಲ್ಲವೋ ಎಂಬುದನ್ನು ಪಟ್ಟಿಯಲ್ಲಿ ಬರೆಯುತ್ತಿದ್ದ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಎರಡನೆಯ ಸಲಕ್ಕೆ ಮಳೆ ಬಿಡುವು ಕೊಡಬೇಕು, ಬಿಡುವು ಸಿಕ್ಕ ದಿನ ಮರ ಹತ್ತುವವನೂ ಸಿಗಬೇಕು.

ಆ ಮರ ಹತ್ತುವವನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅವನ ಮಕ್ಕಳಿಗೆ ಇಷ್ಟವಾಗಲಿಕ್ಕಿಲ್ಲ. ನಮ್ಮೆಲ್ಲರ ಮನೆಯ ಕೊನೆಗೌಡನಂತೆ ಅವನೂ ಒಂದು ಮರದ ತುದಿಯಿಂದ ಇನ್ನೊಂದರ ತುದಿಗೆ ತೂಗಿಕೊಂಡು ದಾಟುತ್ತಿದ್ದ, ಇಳಿಯದೆ ಹತ್ತಾರು ಮರ ಮುಗಿಸುತ್ತಿದ್ದ, ಹಗ್ಗದಲ್ಲಿ ಕೊನೆ ಜಾರಿಸಿದರೆ ಕೆಳಗೆ ಹಿಡಿಯುವವನ ಕೈ ಬಿಸಿಯಾಗುತ್ತಿತ್ತು. ಒಂದು ಮಳೆಗಾಲ ಮದ್ದು ಹೊಡೆಯುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಅಂದಿನಿಂದ ಅವನು ತೀರಿಕೊಳ್ಳುವವರೆಗೆ, ಹನ್ನೊಂದು ವರ್ಷ, ಪಟ್ಟಿಯ ಪ್ರತಿ ತಿಂಗಳ ಮೊದಲ ಪುಟದಲ್ಲಿ 'ಗೌಡನಿಗೆ' ಎಂದು ಒಂದು ಮೊತ್ತ ಇದೆ. ಅಡಿಕೆಯ ದರ ಕುಸಿದ ವರ್ಷಗಳಲ್ಲೂ ಅದು ನಿಂತಿಲ್ಲ, ಕಡಿಮೆಯೂ ಆಗಿಲ್ಲ. ಯಾವ ಕಾನೂನೂ ಅದನ್ನು ಕೇಳಿರಲಿಲ್ಲ. ಈಗ ನೆಲದಲ್ಲಿ ನಿಂತೇ ಕೊಯ್ಯುವ, ಮದ್ದು ಹೊಡೆಯುವ ಫೈಬರ್ ದೋಟಿಗಳು ಬಂದಿವೆ. ಹಳೆಯ ಕೌಶಲ ಹೋಯಿತೆಂದು ಮರುಗುವವರ ಜೊತೆ ನಾನು ಸೇರಲಾರೆ; ಆ ಕೌಶಲದ ಬೆಲೆ ಸೊಂಟದಲ್ಲಿ ಸಂದಾಯವಾಗುತ್ತಿತ್ತು.

ಮಾರಾಟದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಮೊದಮೊದಲು ಅಪ್ಪಯ್ಯ ಮಳೆಗಾಲದಲ್ಲಿ ಮುಂಗಡ ಪಡೆದ ವ್ಯಾಪಾರಿಯ ವಖಾರಿಗೇ ಅಡಿಕೆ ಹಾಕಬೇಕಾಗಿತ್ತು, ತೂಕವೂ ದರವೂ ಅವರು ಹೇಳಿದ್ದೇ. ಒಂದು ವರ್ಷ ಮನೆಯಲ್ಲಿ ತೂಗಿದ್ದಕ್ಕೂ ಅಲ್ಲಿ ತೂಗಿದ್ದಕ್ಕೂ ವ್ಯತ್ಯಾಸ ಬಂದದ್ದನ್ನು ಅವನು ಕೆಂಪು ಶಾಯಿಯಲ್ಲಿ ಬರೆದಿದ್ದಾನೆ. 1968ರಲ್ಲಿ ತೋಟಿಗರ ಸಹಕಾರಿ ಸಂಸ್ಥೆಯಾದ ತೋಟಗಾರ್ಸ್ ಸೇಲ್ ಸೊಸೈಟಿಯ ಸದಸ್ಯನಾದ ಮೇಲೆ ಕೆಂಪು ಶಾಯಿ ಬಂದಿಲ್ಲ. 1923ರಲ್ಲಿ ಹುಟ್ಟಿದ ಆ ಸಂಸ್ಥೆಯ ಕತೆಯನ್ನು ಈ ಊರಿನಲ್ಲಿ ನಾನು ಹೇಳಬೇಕಾಗಿಲ್ಲ. ಎಲ್ಲರ ಕಣ್ಣೆದುರು ತೂಗಿ, ರಾಶಿ, ಬೆಟ್ಟೆ, ಚಾಲಿ, ಗೋಟು ಎಂದು ವಿಂಗಡಿಸಿ, ಟೆಂಡರಿನಲ್ಲಿ ಮಾರುವ ಏರ್ಪಾಡು ಒಬ್ಬ ಸಣ್ಣ ಹಿಡುವಳಿದಾರನ ಬೆನ್ನನ್ನು ಎಷ್ಟು ನೆಟ್ಟಗೆ ಮಾಡಬಹುದೆಂಬುದು ಪಟ್ಟಿಯ ಅಕ್ಷರಗಳಲ್ಲೇ ಕಾಣುತ್ತದೆ; 1968ರ ನಂತರ ಅವು ದೊಡ್ಡದಾಗಿವೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಅವನು ಇರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಪಟ್ಟಿಯಲ್ಲಿ ಇರುವುದು. ಇಲ್ಲದ್ದಕ್ಕೆ ಈಗ ಬರುತ್ತೇನೆ.

ಅಡಿಕೆ ತೋಟ ತನ್ನಷ್ಟಕ್ಕೆ ತಾನು ಬದುಕುವ ಭೂಮಿಯಲ್ಲ. ಅದಕ್ಕೆ ಬೆಟ್ಟ ಬೇಕು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟಿದ್ದರು; ಒಡೆತನ ಸರ್ಕಾರದ್ದು, ಸೊಪ್ಪು, ದರಕು ಎನ್ನುವ ಒಣಗಿದೆಲೆ, ಹುಲ್ಲು ನಮ್ಮದು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಊರಿನವರು ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡ ಅಪ್ಪಿಕೋ ಚಳವಳಿಯ ಹಿಂದೆಯೂ ತೋಟಿಗನ ಈ ಸರಳ ಲೆಕ್ಕವಿತ್ತು: ಕಾಡು ಹೋದರೆ ಸೊಪ್ಪಿಲ್ಲ, ನೀರಿಲ್ಲ, ಆಮೇಲೆ ತೋಟವೂ ಇಲ್ಲ. ಆದರೆ ಬೆಟ್ಟದ ಸೊಪ್ಪು ತಾನಾಗಿ ನಡೆದು ತೋಟಕ್ಕೆ ಬರುವುದಿಲ್ಲ. ಬೆಟ್ಟದಲ್ಲಿ ದರಕು ಗುಡಿಸಿ, ಹೆಡಗೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿ, ಮರುದಿನ ಸಗಣಿ ಗಂಜಳದೊಡನೆ ಎತ್ತಿ ಗೊಬ್ಬರಗುಂಡಿಗೆ ಹಾಕಬೇಕು. ನಮ್ಮ ಮನೆಯಲ್ಲಿ ಅದನ್ನು ಮಾಡಿದವಳು ಆಯಿ, ನನ್ನ ತಾಯಿ. ಆಳುಗಳಿಗೆ ಬೆಳಿಗ್ಗೆ ದೋಸೆ, ನಡುವೆ ಕಷಾಯ, ಮಧ್ಯಾಹ್ನ ಊಟ. ಕೊಯ್ಲಿನ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಹನ್ನೆರಡರವರೆಗೆ ಅಡಿಕೆ ಸುಲಿಯುವುದು. ನಸುಕಿನಲ್ಲಿ ಎದ್ದು ಹಂಡೆಗೆ ಬೆಂಕಿ ಹಾಕುವುದು. ಬೆಂದ ಅಡಿಕೆಯನ್ನು ಅಟ್ಟದ ಮೇಲೆ ಹರವುವುದು. ಅಕಾಲದ ಮೋಡ ಕಂಡರೆ ಓಡಿ ಹೋಗಿ ಮುಚ್ಚುವುದು. ಅವಳ ಬೆರಳಿನ ಸಂದಿಯ ಚೊಗರಿನ ಕಲೆ ಚೌತಿಯ ಹೊತ್ತಿಗೆ ಸ್ವಲ್ಪ ಮಾಸಿ, ದೀಪಾವಳಿ ಕಳೆಯುತ್ತಿದ್ದಂತೆ ಮತ್ತೆ ಕಪ್ಪಾಗುತ್ತಿತ್ತು.

ಸುಲಿಯಲು ನೆರೆಮನೆಯವರು ಮುರಿಯಾಳಿಗೆ, ಅಂದರೆ ಕೆಲಸಕ್ಕೆ ಬದಲು ಕೆಲಸವೆಂಬ ಲೆಕ್ಕದಲ್ಲಿ, ಬಂದದ್ದು ಪಟ್ಟಿಯಲ್ಲಿದೆ. ಯಾರ ಮನೆಯಿಂದ ಎಷ್ಟು ಜನ, ಎಷ್ಟು ರಾತ್ರಿ, ನಾವು ಹಿಂದಿರುಗಿಸಿದ್ದು ಎಷ್ಟು, ಎಲ್ಲವೂ ಇದೆ. ಹಾಗೆ ಹಿಂದಿರುಗಿಸಲು ನಮ್ಮ ಮನೆಯಿಂದ ಹೋದವಳು ಹೆಚ್ಚಿನ ಸಲ ಆಯಿಯೇ. ಬರೆದಿರುವುದು 'ನಮ್ಮಿಂದ 1' ಎಂದು. ಆ ಒಂದು ಅಂಕಿಯನ್ನು ಬಿಟ್ಟರೆ ಐವತ್ತೈದು ವರ್ಷಗಳ ಪಟ್ಟಿಗಳಲ್ಲಿ ಅವಳ ಒಂದು ದಿನದ ದುಡಿಮೆಯೂ ದಾಖಲಾಗಿಲ್ಲ. ಅಪ್ಪಯ್ಯ ತನ್ನ ದುಡಿಮೆಯನ್ನೂ ಬರೆದಿಲ್ಲ ಎಂಬುದು ನಿಜ. ಆದರೆ ಪಹಣಿಯಲ್ಲಿ ಹೆಸರಿದ್ದದ್ದು ಅವನದು, ಸೊಸೈಟಿಯ ಷೇರು ಅವನದು, ನೀವು ಹಾರ ಹಾಕಿದ ಫೋಟೋ ಅವನದು. ಮನೆಯವರಿಗೆ ಕೊಡಬೇಕಾದದ್ದು ಏನೂ ಇಲ್ಲವೆಂದು ಅವನು ತಿಳಿದಿದ್ದನೆಂದು ನಾನು ಹೇಳಲಾರೆ. ಮನೆಯವರು ತನಗಿಂತ ಬೇರೆ ಎಂದು ಅವನಿಗೆ ತೋರಿಯೇ ಇರಲಿಲ್ಲ. ನಾವು ಕುಟುಂಬ ಕೃಷಿ ಎಂದು ಹೆಮ್ಮೆಯಿಂದ ಕರೆಯುವುದು ಬಹುಮಟ್ಟಿಗೆ ಈ ತೋರದಿರುವಿಕೆಯ ಮೇಲೆ ನಿಂತಿದೆ. ಇಂದು ತೋಟವಿರುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲವೆಂದು ಪ್ರತಿ ಸಭೆಯಲ್ಲೂ ಕೊರಗುತ್ತೇವೆ. ಆ ಹೆಣ್ಣುಮಕ್ಕಳು ತಮ್ಮ ಆಯಿಯ ಬೆರಳುಗಳನ್ನು ನೋಡಿ ಬೆಳೆದವರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನನ್ನ ಬಗ್ಗೆ ಪಟ್ಟಿಯಲ್ಲಿರುವ ಕೆಲವೇ ಸಾಲುಗಳಲ್ಲಿ ಒಂದು 2007ರದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಬಂತು. ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಬಂದ ಮೇಲೆ ತೋಟವನ್ನು ತಮ್ಮನ ಹೆಸರಿಗೆ ಮಾಡುವಾಗ ನನ್ನ ಸಹಿ ಬೇಕಾಯಿತು. 1 ಎಕರೆ 10 ಗುಂಟೆಯನ್ನು ಹರಿದು ಹಂಚಿದರೆ ಯಾರಿಗೂ ತೋಟ ಉಳಿಯುವುದಿಲ್ಲ, ಕಾಲುವೆಗಳ ಜಗಳ ಮಾತ್ರ ಉಳಿಯುತ್ತದೆ ಎಂಬುದು ನನಗೂ ಗೊತ್ತಿತ್ತು. ಹೋಗಿ ಸಹಿ ಹಾಕಿದೆ, ಅದಕ್ಕೆ ಇಂದಿಗೂ ವಿಷಾದವಿಲ್ಲ. ಅಂದಿನ ಬರಹ: 'ತಂಗಿ ಬಂದು ಸಹಿ ಹಾಕಿದ್ದು. ಬಸ್ ಚಾರ್ಜು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬಾಕಿ.' ಮಗಳನ್ನು ತಂಗಿ ಎಂದು ಕರೆಯುವುದು ನಮ್ಮ ಮನೆಯ ರೂಢಿ. ಕುಮಟೆಯಿಂದ ಬಂದುಹೋಗುವ ಆ ಬಸ್ ಚಾರ್ಜು ಮುಂದಿನ ಪಟ್ಟಿಗಳಲ್ಲಿಯೂ ಬಾಕಿಯೆಂದೇ ವರ್ಷವರ್ಷ ಮುಂದುವರಿದಿದೆ. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಬಹಳ ಹೊತ್ತು ನಗು ಬರಲಿಲ್ಲ.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ತರುಣನೊಬ್ಬ ಎದ್ದು, 'ಅಕ್ಕಾ, ನಿಮ್ಮ ಆಯಿಗೆ ಇಂದಿನ ಕೂಲಿಯ ಲೆಕ್ಕದಲ್ಲಿ ಕೊಟ್ಟಿದ್ದರೆ ತೋಟ ಲಾಭದಲ್ಲಿ ಇರ್ತಿತ್ತಾ?' ಎಂದು ಕೇಳಿದ. ಆಗ ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದು ಒಂದು ವರ್ಷದ ಪಟ್ಟಿಯನ್ನು ತೆಗೆದುಕೊಂಡು, ಆಳುಗಳಿಗೆ ಆಗ ಕೊಟ್ಟ ಕೂಲಿಯನ್ನೇ ಆಯಿಗೂ ಹಿಡಿದು, ಸುಲಿದದ್ದಕ್ಕೆ ಸುಲಿಗೆಯವರ ದರವನ್ನೇ ಹಾಕಿ ಲೆಕ್ಕ ಮಾಡಿದೆ. ಅಡುಗೆಯನ್ನು ಬಿಟ್ಟೇ ಲೆಕ್ಕ ಹಾಕಿದ್ದು. ಆ ವರ್ಷ ಪಟ್ಟಿಯ ಕೊನೆಯ ಪುಟದಲ್ಲಿ ಅಪ್ಪಯ್ಯ ಉಳಿಕೆಯೆಂದು ತೋರಿಸಿದ್ದ ಹಣವೆಲ್ಲ ಹೋಗಿ, ಮೇಲೆ ಸಾಲ ನಿಂತಿತು. ಆ ಹಾಳೆಯ ಚಿತ್ರವನ್ನು ತಮ್ಮನ ಮೊಬೈಲಿಗೆ ಕಳಿಸಿ, ನಿಮ್ಮ ಮನೆಯಲ್ಲಿ ಈಗ ಹೇಗೆ ಬರೆಯುತ್ತಿದ್ದೀರಿ ಎಂದು ಕೇಳಿದ್ದೇನೆ. ಅವನಿಂದ ಇನ್ನೂ ಉತ್ತರ ಬಂದಿಲ್ಲ. ಕೊನೆ ಕೊಯ್ಲು ನಡೆದಿದೆ, ಆಳು ಸಿಕ್ಕಿಲ್ಲವಂತೆ. ರಾತ್ರಿ ಸುಲಿಯಲು ಕುಳಿತಿರುವುದು ತಾನೂ ತಮ್ಮನೂ ಇಬ್ಬರೇ ಎಂದು ನಾದಿನಿ ಬರೆದಿದ್ದಾಳೆ. ಎಷ್ಟು ಸುಲಿದಿದ್ದಾಳೆಂಬುದನ್ನೂ ಬರೆದಿದ್ದಾಳೆ.